ತಾನಾಗಿ ಬೀಳುವ ಬ್ರೇಕ್

ಚಾಮರಾಜನಗರದ ಆಸ್ಪತ್ರೆಯ ಎದುರಿನ ಏರಿನಲ್ಲಿ ಕಾರು ನಿಲ್ಲಿಸಿದ ರಂಗರಾಜುವಿನ ಎಡಗೈ ಅಭ್ಯಾಸಬಲದಿಂದ ಸೀಟಿನ ಪಕ್ಕಕ್ಕೆ ಹೋಗಿ, ಬರಿಗಾಳಿಯನ್ನು ಹಿಡಿದು ಎಳೆಯಿತು. ಒಂಬತ್ತು ದಿನದಿಂದ ಇದೇ ಆಗಿತ್ತು. ಅವನ ಧಣಿ, ಗುಂಡ್ಲುಪೇಟೆಯ ಬಾಳೆ ವ್ಯಾಪಾರಿ ಪುಟ್ಟಬಸಪ್ಪನವರು ಹಳೆಯ ಕಾರು ಕೊಟ್ಟು ತಂದ ಈ ಹೊಸದರಲ್ಲಿ ಹ್ಯಾಂಡ್ ಬ್ರೇಕಿನ ಕೋಲೇ ಇಲ್ಲ. ಗೇರಿನ ಹಿಂದೆ ಹೆಬ್ಬೆರಳಿನಷ್ಟು ಅಗಲದ ಒಂದು ಗುಂಡಿ. ಎತ್ತಿದರೆ ಬ್ರೇಕ್, ಒತ್ತಿದರೆ ಬಿಡುಗಡೆ. ಎಂಜಿನ್ ಆರಿಸಿದರೆ ಅದೂ ಬೇಡ, ಬ್ರೇಕ್ ತಾನಾಗಿಯೇ ಬೀಳುತ್ತದೆ. ಶೋರೂಮಿನ ಹುಡುಗಿ ಎರಡೆರಡು ಸಲ ಹೇಳಿಕೊಟ್ಟಿದ್ದಳು. ಅವನ ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

ಎಂಜಿನ್ ಆರಿಸಿದ. ಹಿಂಬದಿಯಲ್ಲೆಲ್ಲೋ ಗುರ್ರ್ ಎಂದು ಸಣ್ಣಗೆ ಸದ್ದಾಗಿ ನಿಂತಿತು. ಗುಂಡಿಯಲ್ಲಿ ಕೆಂಪು ದೀಪ ಹತ್ತಿತು. ಆದರೂ ಅದನ್ನು ಇನ್ನೊಮ್ಮೆ ಎತ್ತಿದ. ಮೊದಲನೇ ಗೇರಿಗೆ ಹಾಕಿದ. ಇಳಿದು ಹೋಗಿ ಹಿಂದಿನ ಚಕ್ರ ನೋಡಿದ, ಡಿಕ್ಕಿಯ ಮೇಲೆ ಕೈಯಿಟ್ಟು ದಬ್ಬಿದ, ಮತ್ತೆ ಬಂದು ಕೂತ. ಬರುವಾಗ ತೆರಕಣಾಂಬಿಯಲ್ಲಿ ಟೀ ಕುಡಿಯಲು ನಿಂತಾಗಲೂ ಹೀಗೇ. ಸಮನೆಲದಲ್ಲಿ ನಿಂತ ಕಾರನ್ನು ನೋಡಲು ಎರಡು ಸಲ ಲೋಟ ಇಟ್ಟು ಎದ್ದು ಹೋಗಿದ್ದ.

ಪಕ್ಕದ ಸೀಟಿನಲ್ಲಿದ್ದ ಅವನ ತಮ್ಮ ಮೂಗಯ್ಯ ಊರುಗೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದ. ಅವನ ಬಲಗಾಲು ಮಂಡಿಯ ಕೆಳಗೆ ಸೊಟ್ಟ. ಹಳೆಯ ಪೆಟ್ಟಿನ ಜಾಗ ತಿಂಗಳಿಂದ ನೋಯುತ್ತಿತ್ತು. ಬೀಗರ ಮನೆಯ ಮುಂದೆ ಇಳಿದ ಪುಟ್ಟಬಸಪ್ಪನವರೇ, "ನಮ್ಮೂಟ ಆಗೋಗಂಟ ನಿನ್ ತಮ್ಮನ್ ಕಾಲ ತೋರಿಸ್ಕಂಡು ಬಂದ್ಬುಡು" ಎಂದು ಕಾರು ಕೊಟ್ಟು ಕಳಿಸಿದ್ದರು.

"ಏನಣ್ಣ ಆ ಸದ್ದು?" ಎಂದ ಮೂಗಯ್ಯ.

"ಬ್ರೇಕು. ಅದೇ ಹಾಕ್ಕತದೆ."

"ನೀ ಎಳೀಬೇಕಿಲ್ವ?"

"ಊಹೂಂ. ಮರ್ತೋದ್ರೂ ಹಾಕ್ಕತದೆ."

ಆ ಮಾತು ಬಾಯಿಂದ ಬಿದ್ದದ್ದೇ ರಂಗರಾಜು ಮುಖ ಆಚೆ ತಿರುಗಿಸಿದ.

ಹದಿನೇಳು ವರ್ಷದ ಹಿಂದೆ, ಭೀಮನಬೀಡಿನ ಒಂದು ಏರುದಾರಿ. ಬಾಳೆಗೊನೆ ತುಂಬಿದ ಟೆಂಪೊ ನಿಲ್ಲಿಸಿ ಅವನು ಇಳಿದಿದ್ದ. ಹಿಂದಿನ ಹಲಗೆ ಬಿಚ್ಚಲು ಮೂಗಯ್ಯ ಹೋಗಿದ್ದ. ಟೆಂಪೊ ಹಿಂದಕ್ಕೆ ಜಾರಿತು. ಹಿಂದೆ ಕಲ್ಲಿನ ಗೋಡೆ. ಮೂಗಯ್ಯನಿಗೆ ಆಗ ಇಪ್ಪತ್ತೆರಡು. "ಬ್ರೇಕ್ ಎಳ್ದಿದ್ದೆ, ಕೋಲು ಜಾರ್ಬುಡ್ತು" ಎಂದು ರಂಗರಾಜು ಪೊಲೀಸರಿಗೆ ಹೇಳಿದ, ಟೆಂಪೊ ಮಾಲೀಕನಿಗೆ ಹೇಳಿದ, ಅವ್ವನಿಗೂ ಹೇಳಿದ. ಹಳೆಯ ಟೆಂಪೊ, ಎಲ್ಲರೂ ನಂಬಿದರು. ಹೇಳಿ ಹೇಳಿ ಅವನೂ ನಂಬಿದ್ದ. ಈ ಕಾರು ಬಂದ ಮೇಲೆ ಆ ನಂಬಿಕೆ ನಿಲ್ಲಲೊಲ್ಲದು. ಕೈ ಬರಿದೇ ಗಾಳಿ ಹಿಡಿದಾಗಲೆಲ್ಲ ಅವತ್ತಿನ ಎಡಗೈ ಕಣ್ಣಮುಂದೆ ಬರುತ್ತದೆ. ಅದರಲ್ಲಿ ಇದ್ದದ್ದು ಬ್ರೇಕಿನ ಕೋಲಲ್ಲ, ರಿಂಗಾಗುತ್ತಿದ್ದ ಫೋನು.

"ಮೂಗಾ," ಎಂದ. "ಅವತ್ತು ನಾನು ಬ್ರೇಕ್ ಎಳ್ದಿರ್ನಿಲ್ಲ ಕಣ್ಲಾ."

ಮೂಗಯ್ಯ ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಬಿಡಿಸುತ್ತಿದ್ದ. ಬಿಡಿಸಿದ್ದನ್ನು ಮತ್ತೆ ಮಡಿಸಿದ.

"ಗೊತ್ತು ಕಣಣ್ಣ."

"ಏನ್ ಗೊತ್ತು?"

"ಆ ಟೆಂಪೊ ಕೋಲು ಎಳುದ್ರೆ ಕರಕರಕರ ಅಂತ ಊರಿಗೆಲ್ಲ ಕೇಳ್ತಿತ್ತು. ಅವತ್ತು ಕೇಳ್ನಿಲ್ಲ. ಕೇಳ್ನಿಲ್ವಲ್ಲ ಅಂತ ನಾನೂ ಅನ್ಕಂಡೆ. ಅನ್ಕಂಡೂ ಹಿಂದ್ಕೋದೆ."

"ಮತ್ಯಾಕ್ಲಾ ಒಂದ್ಸಲನಾದ್ರೂ ಬಾಯ್ಬುಡ್ನಿಲ್ಲ?" ರಂಗರಾಜುವಿನ ದನಿ ಕಾರಿನೊಳಗೆಲ್ಲ ತುಂಬಿತು. "ಬೈಬೋದಾಗಿತ್ತು, ಒಡೀಬೋದಾಗಿತ್ತು!"

"ಅವ್ವಂಗೆ ಹೇಳ್ದೆ, ಆಸ್ಪತ್ರೇಲೇ. 'ನಿನ್ ಕಾಲಂತೂ ಓಯ್ತು. ಇದ್ ನಿಂಗೆ ಗೊತ್ತು ಅಂತ ತಿಳುದ್ರೆ ಅವ್ನು ಇನ್ ಸ್ಟೇರಿಂಗ್ ಮುಟ್ಟಕಿಲ್ಲ. ಯಾರ್ಗೂ ಹೇಳ್ಬ್ಯಾಡ' ಅಂದ್ಲು."

ಅವ್ವ ಸತ್ತು ನಾಲ್ಕು ವರ್ಷ. ಬದುಕಿರುವವರೆಗೆ ದಿನಾ ಬೆಳಗ್ಗೆ ಅವನು ಹೊರಡುವಾಗ ಬಾಗಿಲಿಗೆ ಬರುತ್ತಿದ್ದಳು. ಉಂಡೆಯಾ ಎನ್ನುತ್ತಿದ್ದಳು, ನೀರು ತಕ್ಕಂಡೆಯಾ ಎನ್ನುತ್ತಿದ್ದಳು, ನಿಧಾನ ಎನ್ನುತ್ತಿದ್ದಳು. ಬ್ರೇಕು ಎಂಬ ಒಂದು ಮಾತು ಮಾತ್ರ ಆ ಬಾಯಿಂದ ಎಂದೂ ಬಂದಿರಲಿಲ್ಲ. ರಂಗರಾಜುವಿಗೆ ಅದು ಹೊಳೆದದ್ದು ಈಗ.

ಮೂಗಯ್ಯ ಬಾಗಿಲು ತೆರೆದು, ಊರುಗೋಲು ಊರಿ ಕೆಳಗಿಳಿದ. ಆಸ್ಪತ್ರೆಯ ಗೇಟು ರಸ್ತೆಯ ಆಚೆ ಬದಿಗಿತ್ತು.

"ಲೇ, ಮುಂದ್ಗಡಿಂದ ಬಾ! ಹಿಂದ್ಕೋಗ್ಬ್ಯಾಡ!" ಎಂದು ರಂಗರಾಜು ಕೂಗಿದ. ಕೂಗುವಾಗಲೇ ಕಾಲು ಬ್ರೇಕ್ ಪೆಡಲನ್ನು ಅಮುಕಿ ಹಿಡಿದಿತ್ತು.

ಮೂಗಯ್ಯ ಹಿಂದುಗಡೆಗೇ ಹೋದ. ಕನ್ನಡಿಯಲ್ಲಿ ಅವನ ಬೆನ್ನು ಕಂಡಿತು. ಇಳಿಜಾರಿನಲ್ಲಿ, ಕಾರಿನ ಡಿಕ್ಕಿಗೆ ಮೈಯೆಲ್ಲ ಭಾರ ಕೊಟ್ಟು ಒರಗಿ ನಿಂತ. ಎರಡು ಬಸ್ಸು, ಒಂದು ಆಟೊ ಹೋಗಲು ಬಿಟ್ಟ. ಆಮೇಲೆ ತಿರುಗಿಯೂ ನೋಡದೆ, ಒಂದು ಕೈಯನ್ನು ಪಕ್ಕಕ್ಕೆ ಚಾಚಿ ಕರೆದ:

"ಇಳ್ಕಂಡ್ ಬಾರಣ್ಣ. ಒಬ್ನೇ ದಾಟಕಾಗಕಿಲ್ಲ."