ಹಸಿರು ಚುಕ್ಕಿ

ಗಂಡನ ಏಟು ತಾಳಲಾರದೆ ಅವಳು ಊರು ಬಿಟ್ಟಳು, ಸಿಮ್ ಮುರಿದೆಸೆದಳು. ಬಿಡಲಾಗದೆ ಉಳಿದದ್ದು ಮೊಬೈಲಿನ ತೋಟದಾಟವೊಂದೇ. ಒಬ್ಬಳೇ ಆಡುವ ಆಟಕ್ಕೂ ನೆಟ್ ಬೇಕೇ ಬೇಕು. ಹೊಸ ಊರಿನ ಬಾಡಿಗೆ ಮನೆಯಲ್ಲಿ ವೈಫೈ ಇತ್ತು. ಆಡುವಷ್ಟು ಹೊತ್ತೂ ಅವಳ ಹೆಸರಿನ ಪಕ್ಕ ಉರಿಯುವ ಹಸಿರು ಚುಕ್ಕಿ ಆಟದ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಗಂಡನಿಗೂ. ಅವನು ಈ ಕಟ್ಟಡದವರೆಗೆ ಹುಡುಕಿ ಬಂದರೂ ಚುಕ್ಕಿ ಮನೆ ತೋರಿಸುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡಿದ್ದಳು.

"ನಿಮ್ಮನೇಲಿ ಕರೆಂಟಿದೆಯಾ? ಬೆಳಗ್ಗಿಂದ ಒಂದೊಂದೇ ಮನೇದು ಹೋಗಿ ಬರ್ತಾ ಇದೆ," ಎಂದರು ಬಾಗಿಲಿಗೆ ಬಂದ ಎದುರುಮನೆಯಾಕೆ.

"ಯಾಕಂತೆ?"

"ಕೆಳಗೆ ಮೀಟರ್ ಬೋರ್ಡ್ ಹತ್ರ ಯಾರೋ ಇದ್ದಾನೆ. ಒಂದು ಸ್ವಿಚ್ ಆಫ್ ಮಾಡಿ ಮೊಬೈಲ್ ನೋಡ್ತಾನೆ, ಮತ್ತೆ ಆನ್ ಮಾಡ್ತಾನೆ."

ಅವಳು ಆಟ ಮುಚ್ಚಲು ಹೋದಳು. ಅಷ್ಟರಲ್ಲಿ ಫ್ಯಾನ್ ನಿಂತಿತು, ಕೈಯಲ್ಲಿದ್ದ ಆಟವೂ ನಿಂತಿತು, ಹೆಸರಿನ ಪಕ್ಕದ ಹಸಿರು ಚುಕ್ಕಿ ಆರಿತು.

"ಹೆದರ್ಬೇಡಿ, ನಿಮಿಷದಲ್ಲಿ ಬರುತ್ತೆ."

ಕರೆಂಟ್ ಬರಲಿಲ್ಲ. ಯಾರೋ ಮೆಟ್ಟಿಲು ಹತ್ತುವ ಸದ್ದು ಬಂತು.