ಮೊಲದ ಪಾಲು

“ಭಾಮಾ-ಚಾನ್ ಹೇಗಿದ್ದಾಳೆ?” ಮೂಲಂಗಿಯ ಸೊಪ್ಪು ಕತ್ತರಿಸುತ್ತಲೇ ನಿಶಿಮುರಾ ಅಜ್ಜಿ ಕೇಳಿದಳು.

ಸತ್ಯಭಾಮಾಳಿಗೆ ಅಷ್ಟು ಜಪಾನಿ ಅರ್ಥವಾಗುತ್ತಿತ್ತು. ತೊಂದರೆಯೆಂದರೆ, ಇವತ್ತು ಜೊತೆಗೆ ಬಂದಿದ್ದ ಲ್ಯಾಬಿನ ಹೊಸ ಹುಡುಗಿ ಕೃಪಾಳಿಗೆ ಪೂರ್ತಿ ಅರ್ಥವಾಗುತ್ತಿತ್ತು.

“ಅಕ್ಕಾ, ಭಾಮಾ ಅಂದ್ರೆ ನೀವೇ ತಾನೆ? ಎದುರಿಗೇ ನಿಂತಿದ್ದೀರಲ್ಲ!”

“ನನ್ನನ್ನಲ್ಲ ಕಣೇ, ಮೊಲಾನ ಕೇಳ್ತಿರೋದು.”

“ಯಾವ ಮೊಲ?”

ಕ್ಯೋಟೋದ ಉತ್ತರದಂಚಿನ ಆ ಹೊಲದ ಬದಿಯಲ್ಲಿ ಅಜ್ಜಿ ಭಾನುವಾರ ಬೆಳಿಗ್ಗೆ ಕಿತ್ತದ್ದನ್ನು ಅಲ್ಲೇ ಮಾರುತ್ತಾಳೆ. ಬಹಳ ಮಂದಿಗೆ ಮೂಲಂಗಿ ಸಾಕು, ಸೊಪ್ಪು ಕಸದ ಬುಟ್ಟಿಗೆ. ಹೋದ ಚಳಿಗಾಲ ಸತ್ಯಭಾಮಾ ಆ ಬುಟ್ಟಿಯತ್ತ ಕೈ ತೋರಿಸಿದಾಗ, ಅಜ್ಜಿ ಎರಡು ಬೆರಳನ್ನು ಕಿವಿಯಂತೆ ತಲೆಯ ಮೇಲಿಟ್ಟುಕೊಂಡು “ಮೊಲಕ್ಕಾ?” ಎಂದಿದ್ದಳು. ಪಲ್ಯಕ್ಕೆ ಎನ್ನಲು ಮಾತು ಸಿಗದೆ ಇವಳು ಹೌದೆಂದು ತಲೆಯಾಡಿಸಿಬಿಟ್ಟಳು. ಹೆಸರೇನೆಂದು ಕೇಳಿದಾಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಯಲ್ಲಿ ತನ್ನನ್ನೇ ಕರೆಯುತ್ತಿದ್ದ ಹೆಸರು. ಅದಕ್ಕೆ ಮುದ್ದಿನ ‘ಚಾನ್’ ಸೇರಿಸಿದ್ದು ಅಜ್ಜಿ.

ಅಂದಿನಿಂದ ಅಜ್ಜಿ ಎಳೆಸೊಪ್ಪಿನ ಕಟ್ಟೊಂದನ್ನು ಬೇರೆ ತೆಗೆದಿಡುತ್ತಾಳೆ. ಭಾಮಾ ಸರಿಯಾಗಿ ತಿಂದಳೇ, ಚಳಿ ತಡೆಯುತ್ತಾಳೆಯೇ ಎಂದು ವಿಚಾರಿಸುತ್ತಾಳೆ. ಲ್ಯಾಬಿನಲ್ಲಿ ಎಲ್ಲರೂ ವಿಚಾರಿಸುವುದು ಸತ್ಯಭಾಮಾ ಬೆಳೆಸುವ ಪಾಚಿಯನ್ನು. ಅದು ಚೆನ್ನಾಗಿದೆ.

ಮೊಲದ ಕತೆ ಕೇಳಿ ಕೃಪಾಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಅಕ್ಕಾ! ಮೊಲಾನೂ ಇಲ್ಲ ಗಿಲಾನೂ ಇಲ್ಲ, ನೀವೇ ಪಲ್ಯ ಮಾಡ್ಕೊಂಡು ತಿಂತೀರಾ ಅಂತ ಹೇಳ್ಬಿಡ್ಲಾ? ಸೊಪ್ಪೇನೂ ನಿಲ್ಸಲ್ಲ ಬಿಡಿ.”

“ಸೊಪ್ಪು ಕೊಡ್ತಾರೆ ಕಣೇ. ಆದ್ರೆ ಮುಂದಿನ ವಾರ ಯಾರನ್ನ ವಿಚಾರಿಸ್ತಾರೆ?”

ಅಷ್ಟರಲ್ಲಿ ಅಜ್ಜಿ ಕಟ್ಟನ್ನು ಕೈಗಿಡುತ್ತಾ, ಹುಬ್ಬು ಗಂಟಿಕ್ಕಿ, ಏನೋ ಉದ್ದಕ್ಕೆ ಹೇಳಿದಳು.

“ಒಂದೇ ಮೊಲಾನಾ ಅಂತಿದಾರೆ,” ಕೃಪಾ ಇನ್ನೂ ನಗುತ್ತಲೇ ಇದ್ದಳು. “ಒಂಟಿಯಾಗಿ ಬಿಟ್ರೆ ಮೊಲ ಬೇಜಾರಲ್ಲೇ ಸತ್ತೋಗತ್ತಂತೆ. ಹುಷಾರು ಅಂತೆ.”

ಸತ್ಯಭಾಮಾ ಸೊಪ್ಪನ್ನು ಸೈಕಲ್ಲಿನ ಬುಟ್ಟಿಯಲ್ಲಿ ನಲುಗದಂತೆ ಇಟ್ಟಳು.

“ಹಾಗೇನೂ ಆಗಲ್ಲ ಅನ್ನು. ಭಾನುವಾರ ಭಾನುವಾರ ತಪ್ಪದೆ ಹೊರಗೆ ಕರ್ಕೊಂಡು ಬರ್ತೀನಿ ಅನ್ನು.”

ಕೃಪಾಳ ಜಪಾನಿ ಒಳ್ಳೆಯದೇ. ಆದರೂ ಅಷ್ಟು ಸಣ್ಣ ಮಾತನ್ನು ಅಜ್ಜಿಗೆ ದಾಟಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು.