ಮಿಠಾಯಿ ಕರಗುವ ತನಕ

"ನಿಮ್ಮ ಬಲಗಡೆಗೆ ಈಗ ಕಾಣ್ತಾ ಇರೋದು..." ಎಂದು ಖಾಲಿ ಮನೆಯಲ್ಲಿ ನಿಂತು ಮಿಚಿರು ಕೊನೆಯ ಸಲ ಅಭ್ಯಾಸ ಮಾಡುತ್ತಿದ್ದಳು. ಒಕುತ್ಸು ಮೇಷ್ಟ್ರು ಅವಳ ಎತ್ತಿದ ಕೈಯನ್ನು ಕೆಳಗಿಳಿಸಿ, ಅಂಗೈಯಲ್ಲಿ ಒಂದು ಮಿಠಾಯಿ ಇಟ್ಟರು. ಕಪ್ಪು ಬೆಲ್ಲದ್ದು, ಗೋಲಿ ಗಾತ್ರದ್ದು, ಕಲ್ಲಿನಂಥದ್ದು.

"ಬಾಯಿಗೆ ಹಾಕ್ಕೊಳಮ್ಮ. ಅದು ಕರಗೋ ತನಕ ಒಂದು ಮಾತೂ ಆಡಬಾರದು. ಕಡಿಯೋ ಹಾಗೂ ಇಲ್ಲ."

"ಮೇಷ್ಟ್ರೇ, ಗಿರಾಕಿಗಳು ಗೇಟಿನ ಹತ್ರ ಬಂದುಬಿಟ್ರು!"

"ಅದಕ್ಕೇ ಕೊಟ್ಟಿದ್ದು."

ಹಿಮೆಜಿ ಊರಿನ ಪ್ರವಾಸಿ ಬಸ್ಸುಗಳಲ್ಲಿ ಇಪ್ಪತ್ತು ವರ್ಷ ಮೈಕು ಹಿಡಿದವಳು ಮಿಚಿರು. ಬಸ್ಸಿನ ಕಂಪನಿ ಬಾಗಿಲು ಹಾಕಿದಾಗ, ಮನೆ ಮಾರಿಸುವ ಕಚೇರಿಯೊಂದು ಆ ಬಾಯಿಗಾಗಿಯೇ ಅವಳನ್ನು ಕರೆದು ಕೆಲಸ ಕೊಟ್ಟಿತು. "ಮಾತು ಬಲ್ಲವಳಿಗೆ ತರಬೇತಿ ಯಾಕೆ, ದುಡ್ಡು ದಂಡ" ಎಂದು ಮ್ಯಾನೇಜರು ನಕ್ಕಿದ್ದ. ಆದರೆ ಅವಳ ಜೊತೆ ಮನೆ ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ ಚಪ್ಪಾಳೆ ತಟ್ಟಿ, ಬಹಳ ಚೆನ್ನಾಗಿತ್ತು ಎಂದು ಹೊಗಳಿ, ಪ್ರವಾಸಿಗರ ಹಾಗೆಯೇ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಒಂದೇ ಒಂದು ಮನೆಯೂ ಮಾರಾಟವಾಗಿರಲಿಲ್ಲ. ಕೆಲಸ ಕಾಯಂ ಆಗಬೇಕಾದರೆ ಈ ವಾರದೊಳಗೆ ಒಂದಾದರೂ ಹೋಗಬೇಕಿತ್ತು, ಇವತ್ತು ಬಿಟ್ಟರೆ ಬೇರೆ ಗಿರಾಕಿಗಳಿರಲಿಲ್ಲ. ಕೊನೆಗೆ ಗಾಬರಿಯಾಗಿ, ಹೊಸ ಏಜೆಂಟರಿಗೆ ಪಾಠ ಹೇಳುವ ಒಕುತ್ಸು ಅವರ ಮುಂದೆ ತಾನೇ ಹೋಗಿ ತಲೆ ಬಾಗಿಸಿದ್ದಳು. ಅವರೋ, ಪುಸ್ತಕವಿಲ್ಲ ಪಾಠವಿಲ್ಲ, ಜೇಬಿನ ತುಂಬ ಮಿಠಾಯಿ ತುಂಬಿಕೊಂಡು ಬಂದಿದ್ದರು.

ಒಳಗೆ ಬಂದವರು ಅಂಚೆ ಕಚೇರಿಯಿಂದ ನಿವೃತ್ತರಾದ ತಕೆನಾಕಾ ಮತ್ತು ಅವರ ಹೆಂಡತಿ. ಬಾಗಿಲ ಮೆಟ್ಟಿಲ ಕೆಳಗೆ ಬೂಟು ಕಳಚಿ ಮೇಲೆ ಹತ್ತಿದರು. ಮಿಚಿರು ಮಂಡಿಯೂರಿ ಎರಡು ಜೊತೆ ಬೂಟುಗಳನ್ನೂ ಮೂತಿ ಹೊರಗಡೆಗೆ ಬರುವಂತೆ ತಿರುಗಿಸಿ ಜೋಡಿಸಿಟ್ಟಳು. ನೆಂಟರ ಬೂಟು ಇಡಬೇಕಾದ್ದೇ ಹಾಗೆ. ಪಕ್ಕದ ಬೂಟಿನ ಬೀರು ಏನಿದ್ದರೂ ಮನೆಯವರದು.

ಆಮೇಲೆ ಶುರುವಾಯಿತು ಮೌನ. ಸ್ನಾನದ ತೊಟ್ಟಿಯ ಬಗ್ಗೆ, ಚಾಪೆ ಹಾಸಿದ ಕೋಣೆಯ ಬಗ್ಗೆ, ಹಿತ್ತಲಿನ ಪರ್ಸಿಮನ್ ಹಣ್ಣಿನ ಮರದ ಬಗ್ಗೆ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯಗಳೆಲ್ಲ ಅವಳ ಗಂಟಲಲ್ಲೇ ಒದ್ದಾಡಿದವು. ಯಾರೂ ಏನೂ ಹೇಳದಿದ್ದಾಗ ಗಂಡಹೆಂಡತಿ ತಾವೇ ಅಡ್ಡಾಡತೊಡಗಿದರು. ಆಕೆ ಹಾಸಿಗೆ ಇಡುವ ಗೋಡೆಬೀರುವಿನೊಳಗೆ ತಲೆ ತೂರಿಸಿದರು. ಆತ ಹಿತ್ತಲ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತರು.

"ಏನೇ, ಇಲ್ಲಿ ನನ್ನ ಕುಂಡಗಳನ್ನ ಸಾಲಾಗಿ ಇಡಬಹುದು ನೋಡು."

"ಆಹಾ! ಜಗಲಿ ತುಂಬ ನಿಮ್ಮ ಕುಬ್ಜ ಮರಗಳು ಕೂತ್ರೆ ನಾನು ಹಾಸಿಗೆ ಎಲ್ಲಿ ಒಣಗಿಸ್ಲಿ?"

"ಹಿತ್ತಲಲ್ಲಿ ಹಗ್ಗ ಕಟ್ಟು."

"ಅಲ್ಲಿ ಪರ್ಸಿಮನ್ ಮರದ ನೆರಳು. ನಿಮ್ಮ ಕುಂಡಗಳನ್ನ ತಲೆ ಮೇಲೆ ಇಟ್ಕೊಂಡು ಓಡಾಡಿ, ಬಿಸಿಲೂ ಸಿಗುತ್ತೆ."

"ಮೂವತ್ತು ವರ್ಷದಿಂದ ಇದೇ ಮಾತು. ನನ್ನದು ಅಂತ ಒಂದು ಮೊಳ ಜಾಗ ಕೊಟ್ಟಿದ್ದೀಯಾ?"

ದನಿ ಏರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಮಿಚಿರುವಿಗೆ ಅಳುವೇ ಬಂತು. ಬಸ್ಸಿನಲ್ಲಿ ಕಿಟಕಿ ಸೀಟಿಗೆ ಎಷ್ಟು ಜನ ಕಚ್ಚಾಡಿದ್ದರೋ, ಒಂದು ಹಾಡು ಹೇಳಿ ಎಲ್ಲರನ್ನೂ ನಗಿಸಿದವಳು ಅವಳು. ಮಿಠಾಯಿ ಕರಗಿ ಸಣ್ಣ ಚೂರಾಗಿತ್ತು. ನುಂಗಿಬಿಟ್ಟು ಮುಂದೆ ಹೆಜ್ಜೆ ಇಟ್ಟಳು. ಮೇಷ್ಟ್ರು ಅವಳ ತೋಳು ಹಿಡಿದು ಇನ್ನೂ ಎರಡು ಮಿಠಾಯಿ ಕೊಟ್ಟರು.

"ಜಗಳ ಆಡ್ತಿದ್ದಾರೆ ಮೇಷ್ಟ್ರೇ, ಬಿಡಿಸೋದು ಬೇಡ್ವಾ?" ಎಂದಳು ಪಿಸುದನಿಯಲ್ಲಿ.

"ಬೇರೆಯವರ ಮನೇಲಿ ಯಾರಾದ್ರೂ ಹೀಗೆ ಜಗಳ ಆಡ್ತಾರೇನಮ್ಮ?"

ಮಿಚಿರು ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡಳು. ಶ್ರೀಮತಿ ತಕೆನಾಕಾ ಮೂತಿ ತಿರುವಿ ಬಾಗಿಲ ಕಡೆಗೆ ಹೋದರು. ಅಲ್ಲಿ ಏನೋ ತೆಗೆದು ಮುಚ್ಚಿದ ಸದ್ದಾಯಿತು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರು. ತಿರುಗಿ ಬಂದು, ಅಕ್ಕಿ ಡಬ್ಬಿ ಎಲ್ಲಿಡಬೇಕೆಂದು ಗಂಡನ ಜೊತೆ ಇನ್ನೊಂದು ಸುತ್ತು ಜಗಳ ತೆಗೆದರು. ಈ ಸಲ ಮಿಚಿರುವಿಗೆ ಭಯವಾಗಲಿಲ್ಲ. ಕೇಳುತ್ತ ನಿಂತವಳಿಗೆ ಒಳಗೊಳಗೇ ನಗು ಬಂತು.

ಹೊರಡುವ ಹೊತ್ತಾಯಿತು. ಮಿಚಿರು ಮುಂದೋಡಿ ಬಾಗಿಲಲ್ಲಿ ಮಂಡಿಯೂರಿದಳು. ಗಂಡನ ಬೂಟು ಇಟ್ಟಲ್ಲೇ ಇತ್ತು, ಹೆಂಡತಿಯದು ಮಾಯ. ಮೆಟ್ಟಿಲ ಕೆಳಗೆ, ಛತ್ರಿಯ ಸ್ಟ್ಯಾಂಡಿನ ಹಿಂದೆ ಎಲ್ಲ ತಡಕಾಡಿದಳು. ಗಿರಾಕಿಯ ಬೂಟನ್ನೇ ಕಳೆದ ಏಜೆಂಟ್ ಎಂದು ಊರೆಲ್ಲ ನಗುವುದಂತೂ ಖಂಡಿತ ಎನಿಸಿತು.

ಶ್ರೀಮತಿ ತಕೆನಾಕಾ ಪಕ್ಕದ ಬೀರು ತೆಗೆದು ಮೇಲಿನ ಗೂಡು ತೋರಿಸಿದರು. ಅವರ ಕಂದು ಬೂಟು ಅಲ್ಲಿ ಹಾಯಾಗಿ ಕೂತಿತ್ತು.

"ಇವರನ್ನ ನೋಡಿ, ಯಾರೋ ನೆಂಟರ ಥರ ಬಾಗಿಲಲ್ಲೇ ಬಿಟ್ಟಿದ್ದಾರೆ" ಎಂದು ಗಂಡನನ್ನು ಗದರಿದರು.

ಇಂಥ ಹೊತ್ತಿನಲ್ಲಿ ಯಾವ ಏಜೆಂಟ್ ತಾನೇ ಸುಮ್ಮನಿರುತ್ತಾನೆ? ಬೆಲೆಯ ಮಾತೆತ್ತಲು ಒಕುತ್ಸು ಮೇಷ್ಟ್ರೇ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಮಿಚಿರು ಕೈಯಲ್ಲಿ ಉಳಿದಿದ್ದ ಮಿಠಾಯಿಯನ್ನು ಸದ್ದಿಲ್ಲದೆ ಅವರ ಅಂಗೈಯಲ್ಲಿ ಇಟ್ಟಳು. ಮೇಷ್ಟ್ರು ಅವಳನ್ನೊಮ್ಮೆ, ಮಿಠಾಯಿಯನ್ನೊಮ್ಮೆ ನೋಡಿ, ತೆಪ್ಪಗೆ ಬಾಯಿಗೆ ಹಾಕಿಕೊಂಡರು.

ತಕೆನಾಕಾ ಬಗ್ಗಿ ತಮ್ಮ ಬೂಟು ಎತ್ತಿಕೊಂಡರು. ಬೀರುವಿನಲ್ಲಿ ಹೆಂಡತಿಯ ಬೂಟಿನ ಪಕ್ಕ ಮೆಲ್ಲಗೆ ಇಟ್ಟು, ಹಿಂದೆ ಸರಿದು ನೋಡಿದರು.

"ಇದೆ ಕಣೇ" ಎಂದರು. "ನನ್ನದಕ್ಕೂ ಜಾಗ ಇದೆ."